ಗಾಡಿ ಎತ್ತಿದ ಮೇಲಿನ ಚಹಾ

ಕಾರನ್ನು ಮೇಲೆತ್ತಿ ನಿಲ್ಲಿಸಿದ ಮೇಲೆ ಫಕ್ಕೀರಪ್ಪ ಕಾಕಾ ಮೊದಲು ಮಾಡುತ್ತಿದ್ದ ಕೆಲಸ ಚಹಾ ಕುಡಿಯುವುದು. ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ, ಬ್ಯಾಟರಿ ದೀಪ ಹಚ್ಚುತ್ತಿರಲಿಲ್ಲ, ಬಗ್ಗಿ ಸಹ ನೋಡುತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡು ಕುಂತು, ಸ್ಟೀಲಿನ ಲೋಟದಿಂದ ಗುಟುಕು ಗುಟುಕಾಗಿ ಕುಡಿಯುತ್ತ, ಕನ್ಯಾ ನೋಡಲು ಬಂದ ಹಿರಿಯರ ಹಾಗೆ ಕಾರನ್ನು ಸುಮ್ಮನೆ ನೋಡುತ್ತಿದ್ದರು. ನಾನು ಅವಸರ ಮಾಡಿದರೆ ಒಂದೇ ಉತ್ತರ.

"ಬೀಳೂದಿದ್ರ ಚಾ ಕುಡಿಯೂದ್ರಾಗ ಬೀಳಲಿ, ಮಾಸ್ತರ. ಆಮ್ಯಾಲ ಬಿದ್ರ ಚಾ ಕುಡಿಯಾಕ ನಾ ಇರಂಗಿಲ್ಲ."

ನಾನು ತಡಸದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಮನೆ ಶಿಗ್ಗಾವಿಯಲ್ಲಿ, ಸವಣೂರ ರಸ್ತೆಯ ಕಡೆಗೆ, ಮೊದಲು ಕರಿ ಮಣ್ಣಿನ ಎರಿ ಹೊಲವಾಗಿದ್ದು ಈಗ ಪ್ಲಾಟುಗಳಾಗಿರುವ ಜಾಗದಲ್ಲಿ. ಕಾಕಾ ನಮ್ಮ ಪಕ್ಕದ ಮನೆಯವರು. ಬಳಗದಿಂದ ಏನೂ ಆಗಬೇಕಾಗಿರಲಿಲ್ಲ. ಅವರು ಊರಿಗೆಲ್ಲ ಕಾಕಾ, ಅವರ ಹೆಂಡತಿ ಗಂಗವ್ವ ಊರಿಗೆಲ್ಲ ಕಾಕು. ಹುಟ್ಟೂರು ಹುಲಗೂರು. ಹಾನಗಲ್ಲಿನಲ್ಲಿ ಒಂದು ಲಾರಿ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದು, ಸಾಕು ಅನಿಸಿದ ಮೇಲೆ ಇಲ್ಲಿ ಬಂದು ಮನೆ ಕಟ್ಟಿಕೊಂಡಿದ್ದರು. ಎತ್ತರದ ಆಳು, ಮೈಯಲ್ಲಿ ಎಲುಬು ಬಿಟ್ಟರೆ ಬೇರೆ ಏನೂ ಇರಲಿಲ್ಲ ಎನ್ನಬೇಕು. ಬಿಳಿ ಪೈಜಾಮ ಹಾಕಿಕೊಂಡೇ ಗಾಡಿಯ ಕೆಳಗೆ ಹೋಗಿ, ಬಿಳಿ ಪೈಜಾಮದಲ್ಲೇ ಹೊರಗೆ ಬರುತ್ತಿದ್ದರು. ನಾನು ಸೈಕಲ್ಲಿನ ಚೈನು ಏರಿಸಿದರೂ ಮೊಣಕೈ ತನಕ ಕರ್ರಗಾಗುವವನು. ಇದರ ಗುಟ್ಟೇನು ಎಂದು ಕೇಳಿದರೆ, "ನೀವು ಗಾಡಿ ಅಪ್ಪಿಕೋತೀರಿ, ನಾ ಬರೇ ಮಾತಾಡಿಸ್ತೇನಿ" ಎಂದು ನಗುತ್ತಿದ್ದರು.

ಅವರಿಗೆ ಇನ್ನೊಂದು ಚಟವಿತ್ತು. ಮೊಳದುದ್ದದ ಒಂದು ಕಬ್ಬಿಣದ ಸರಳು ಯಾವಾಗಲೂ ಕೈಯಲ್ಲಿರಬೇಕು, ಎದುರಿಗೆ ಬಂದದ್ದನ್ನೆಲ್ಲ ಅದರಿಂದ ಒಮ್ಮೆ ಬಡಿದು ನೋಡಬೇಕು. ಗೋಡೆ, ಬಾಗಿಲು, ನೀರಿನ ಟಾಕಿ, ಸಂತೆಯ ಕುಂಬಳಕಾಯಿ. ಕುಂಡ್ರುವ ಮುಂಚೆ ಕುರ್ಚಿಗೂ ಒಂದು ಏಟು. ಬಡಿದು, ಕಿವಿ ಓರೆ ಮಾಡಿ ಕೇಳಿ, "ಗಟ್ಟಿ" ಅಥವಾ "ಟೊಳ್ಳು" ಎಂದು ತೀರ್ಪು ಕೊಡುತ್ತಿದ್ದರು. ಒಮ್ಮೆ ಕಾಕುವಿನ ತವರುಮನೆಗೆ ಹೋದಾಗ ಅವರ ಹೊಸ ಗೋಡೆಗೆ ಬಡಿದು "ಟೊಳ್ಳು" ಅಂದುಬಿಟ್ಟು, ಕಾಕು ತಿಂಗಳುಗಟ್ಟಲೆ ತವರಿನವರ ಮುಂದೆ ತಲೆ ತಗ್ಗಿಸಬೇಕಾಯಿತಂತೆ.

ಈ ಚಟ ಸುಮ್ಮನೆ ಬಂದದ್ದಲ್ಲ. ಹಾನಗಲ್ಲಿನಲ್ಲಿದ್ದಾಗ ಒಂದು ಮಳೆಗಾಲ ರಸ್ತೆಯ ಬದಿಗೆ ಭತ್ತದ ಲಾರಿಯೊಂದು ಸ್ಪ್ರಿಂಗಿನ ಪಾಟಾ ಮುರಿದುಕೊಂಡು ನಿಂತಿತ್ತು. ಕಾಕಾ ಜಾಕು ಕೊಟ್ಟು ಕೆಳಗೆ ಹೋದರು. ಮೇಲೆ ಗಟ್ಟಿಯಾಗಿ ಕಂಡ ನೆಲ ಕೆಳಗೆ ಮೆತ್ತಗಿತ್ತು, ಜಾಕು ಮಣ್ಣಿನಲ್ಲಿ ಇಳಿಯಿತು. ಎಡಭುಜದ ಎಲುಬು ಮುರಿದು, ಆ ಕೈ ಆಮೇಲೆ ಭುಜಕ್ಕಿಂತ ಮೇಲೆ ಏಳಲೇ ಇಲ್ಲ. ಆಸ್ಪತ್ರೆಯಲ್ಲಿ ಗಂಗವ್ವ ಕಾಕು ಅಳಲಿಲ್ಲ, ಬೈಯಲಿಲ್ಲ. ಗಂಡನ ಒಳ್ಳೆಯ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದರು: ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಇನ್ನು ಹೋಗಬಾರದು. ಗ್ಯಾರೇಜಿನಲ್ಲಿ ನೆಲದೊಳಗೆ ಕಟ್ಟಿದ ಗುಂಡಿ ಇತ್ತು, ಅದರಲ್ಲಿಳಿದು ಕೆಲಸ ಮಾಡಿದರೆ ಆಣೆಗೆ ಭಂಗವಿರಲಿಲ್ಲ. ಶಿಗ್ಗಾವಿಗೆ ಬಂದ ಮೇಲೆ ಆ ಗುಂಡಿಯೂ ಇಲ್ಲ. ಎರಿ ಮಣ್ಣಿನಲ್ಲಿ ಗುಂಡಿ ತೆಗೆದರೆ ಮಳೆಗಾಲಕ್ಕೆ ಬಾವಿಯಾಗುತ್ತದೆ. ಹೀಗಾಗಿ ಕೆಲಸ ಬಲ್ಲ ಮನುಷ್ಯ ಕಟ್ಟೆಯ ಮೇಲೆ ಕುಂತು, ಹೋಗಿ ಬರುವ ಗಾಡಿಗಳ ಸಪ್ಪಳ ಕೇಳುತ್ತ ದಿನ ಕಳೆಯುತ್ತಿದ್ದರು. ನನ್ನ ಕಾರು ಗೇಟಿನೊಳಗೆ ಬಂದರೆ ಅಲ್ಲಿಂದಲೇ, "ಮಾಸ್ತರ, ಮುಂದಿನ ಬಲಗಾಲಿ ಅಳಾಕತ್ತೈತಿ" ಎನ್ನುತ್ತಿದ್ದರು. ಅದು ಖರೆ ಇರುತ್ತಿತ್ತು. ಅವರ ಮುಖ ನೋಡಿದರೆ ಅಳುತ್ತಿದ್ದುದು ಗಾಲಿಯೊಂದೇ ಅಲ್ಲ ಎಂದು ನನಗೆ ಅನಿಸುತ್ತಿತ್ತು.

ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಲಿಫ್ಟು ಇದೆ ಎಂದು ಮೊದಲು ತೋರಿಸಿದವನು ನಾನು, ಮೊಬೈಲಿನಲ್ಲಿ. ಎರಡು ಕಬ್ಬಿಣದ ಚೌಕಟ್ಟು, ಕಾರಿನ ಎರಡೂ ಮಗ್ಗಲಿಗೆ ಒಂದೊಂದು. ಗಾಲಿ ಇರುವ ಸಣ್ಣ ಪೆಟ್ಟಿಗೆಯೊಳಗೆ ಮೋಟರು, ಎಣ್ಣೆಯ ಪಂಪು. ಗುಂಡಿ ಒತ್ತಿದರೆ ಕಾರು ಮೊಣಕಾಲಿಗಿಂತ ಒಂದು ಗೇಣು ಮೇಲೆ ಏಳುತ್ತದೆ, ಕೆಲಸ ಮುಗಿದ ಮೇಲೆ ಚೌಕಟ್ಟುಗಳನ್ನು ಗೋಡೆಗೆ ಆನಿಸಿ ಇಡಬಹುದು. ಕಾಕಾ ಚಷ್ಮಾ ಏರಿಸಿಕೊಂಡು ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದರು. ಹನ್ನೆರಡನೆಯ ಸಲ ಗಂಗವ್ವ ಕಾಕುಗೆ ತೋರಿಸಿದರು.

"ಇದು ಜಾಕ್ ಅಲ್ಲ, ನೋಡ. ಲಿಫ್ಟ್ ಅಂತಾರ ಇದಕ್ಕ."

ಕಾಕು ಬಹಳ ಹೊತ್ತು ನೋಡಿ, "ನೀವು ಬಡಿದು ನೋಡಿ ಗಟ್ಟಿ ಅಂದ್ರ ತರ್ರಿ" ಅಂದರು. ಇಷ್ಟು ಅಪ್ಪಣೆ ಸಿಕ್ಕಿದ್ದೇ ಕಾಕಾ ಹತ್ತು ವರ್ಷ ಸಣ್ಣವರಾದರು.

ಆದರೆ ಅವರ ಆಯ್ಕೆಯ ರೀತಿ ನನ್ನದಲ್ಲ. ನಾನಾಗಿದ್ದರೆ ಚಿತ್ರ ನೋಡಿ ಅಂದೇ ತರಿಸಿಬಿಡುತ್ತಿದ್ದೆ. ಕಾಕಾ ಮೊದಲು ನನ್ನ ಶೆಡ್ಡಿನ ತಗಡಿಗೆ ಬಿದಿರು ಹಿಡಿದು ಎತ್ತರ ಅಳೆದರು, ಕಾರು ಎದ್ದಾಗ ತಲೆ ಬಡಿಯಬಾರದಲ್ಲ. ಆಮೇಲೆ ಮನೆಯೊಳಗಿಂದ ಊಟದ ಮಣೆ ತಂದು ಕಾರಿನ ಕೆಳಗೆ ತಳ್ಳಿದರು. ಮಡಚಿದ ಚೌಕಟ್ಟಿನ ದಪ್ಪ ಸರಿಯಾಗಿ ಆ ಮಣೆಯಷ್ಟು, ಮಣೆ ಹೋದರೆ ಅದೂ ಹೋಗುತ್ತದೆ ಎಂಬ ಲೆಕ್ಕ. ಮಣೆ ಹೋಯಿತು, ಬರಲಿಲ್ಲ. ಅವತ್ತು ಕಾಕಾಗೆ ಬರಿ ನೆಲದ ಮೇಲೆ ಊಟ. ಗಾಡಿಯನ್ನು ಒಂದೇ ಮಗ್ಗಲಿಗೆ ಓರೆ ಮಾಡುವ ಅಗ್ಗದ ಲಿಫ್ಟನ್ನು ನಾನು ತೋರಿಸಿದರೆ, "ಗಾಡಿ ಮಗ್ಗಲಾ ಮಲಗಿಸಿದ್ರ ಅದರ ಹೊಟ್ಟ್ಯಾಗಿನ ಎಣ್ಣಿ ಎಲ್ಲಿಗೆ ಹೋಗ್ತೈತಿ, ವಿಜ್ಞಾನದ ಮಾಸ್ತರ ನೀವ ಹೇಳ್ರಿ" ಅಂದರು. ನಾನು ಮೊಬೈಲು ಕಿಸೆಯಲ್ಲಿಟ್ಟೆ. ಫೋನಿನಲ್ಲಿ ಮಾರುವವನೊಬ್ಬ ಇಂತಿಷ್ಟು ಟನ್ನು ಎತ್ತುತ್ತದೆ ಎಂದು ಹೊಗಳತೊಡಗಿದಾಗ ಕಾಕಾ ನಡುವೆ ಬಾಯಿ ಹಾಕಿದರು.

"ಎಷ್ಟು ಎತ್ತತೈತಿ ಅನ್ನೂದು ಇರ್ಲಿ ತಮ್ಮಾ. ಎಷ್ಟೊತ್ತು ಹಿಡೀತೈತಿ ಹೇಳು. ಅರ್ಧಕ್ಕ ಕರೆಂಟ್ ಹೋತಂದ್ರ ಯಾರು ಹಿಡೀತಾರ ಗಾಡೀನ, ನೀ ಬರ್ತೀಯೇನು?"

ಅವರಿಗೆ ಬೇಕಾದದ್ದು ಎಣ್ಣೆಯ ಬಲವಲ್ಲ, ಎಣ್ಣೆ ಕೈಕೊಟ್ಟಾಗ ಹಿಡಿಯುವ ಕಬ್ಬಿಣದ ಕೊಂಡಿ. ಕಾರು ಏಳುವಾಗ ಚೌಕಟ್ಟಿನ ಹಲ್ಲಿಗೆ ಕೊಂಡಿ ಕಟ್ ಎಂದು ಕೂತಿರಬೇಕು. ಕಣ್ಣಾರೆ ನೋಡದೆ ತರುವುದಿಲ್ಲ ಎಂದು ಹಟ ಹಿಡಿದರು.

ಸವಣೂರಿನಲ್ಲಿ ಒಬ್ಬರ ಬಳಿ ಹಳೆಯದೊಂದು ಇದೆ ಎಂದು ಕೇಳಿ ಇಬ್ಬರೂ ಹೋದೆವು. ಅವರು ಸಂಭ್ರಮದಿಂದ ತಮ್ಮ ಕಾರನ್ನೇ ಎತ್ತಿ ತೋರಿಸಿದರು. ಕಾಕಾ ಕಿಸೆಯಿಂದ ಸೀಮೆಸುಣ್ಣ ತೆಗೆದು, ಕಾರಿನ ತಳದ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೊಂದು ಗೆರೆ ಎಳೆದು, "ಚಾ ಆಗಲಿ" ಅಂದರು. ಮನೆಯವರು ಮರ್ಯಾದೆಯ ಅತಿಥಿ ಎಂದುಕೊಂಡು ಮಂಡಾಳ ಒಗ್ಗರಣೆ ಸಹ ತಂದರು. ಕಾಕಾ ತಿಂದು, ಚಹಾ ಕುಡಿದು, ಎದ್ದು ನೋಡಿದರೆ ಕಾರು ಗೆರೆಗಿಂತ ಒಂದು ಬೆರಳು ಕೆಳಗಿತ್ತು. "ಚಾ ಭಾಳ ಚೊಲೋ ಆಗಿತ್ರಿ" ಎಂದು ಕೈ ಮುಗಿದು ಹೊರಟರು. ಮುಂದಿನ ವಾರ ಹಿರೇಕೆರೂರು. ಅಲ್ಲಿ ಒಬ್ಬರು ದೊಡ್ಡ ಲಿಫ್ಟು ಕೂಡಿಸುತ್ತಿದ್ದರು, ಅದಕ್ಕೇ ತಮ್ಮ ಸಣ್ಣದನ್ನು ಮಾರುವವರಿದ್ದರು. ಅಲ್ಲಿಯೂ ಗೆರೆ, ಅಲ್ಲಿಯೂ ಚಹಾ. ಒಂದು ಸಾಲದೆ ಎರಡು. ಕಾರು ಗೆರೆ ಬಿಟ್ಟು ಇಳಿಯಲಿಲ್ಲ. ಮೋಟರಿನ ವಾಯರನ್ನು ತಾವೇ ಕಿತ್ತು, ಕೊಂಡಿಯ ಮೇಲೆ ಗಾಡಿ ಕೂತದ್ದನ್ನು ಕಂಡು, ಸರಳಿನಿಂದ ಅದಕ್ಕೊಂದು ಏಟು ಹಾಕಿದರು. "ಗಟ್ಟಿ" ಅಂದರು. ದಾರಿಯುದ್ದಕ್ಕೂ ಸರಕಿನ ಗಾಡಿಯಲ್ಲಿ ಲಿಫ್ಟಿನ ಪಕ್ಕದಲ್ಲೇ ಕುಂತು ಬಂದರು.

ಇನ್ನು ನನ್ನ ಮಾತು ಹೇಳಬೇಕು.

ಕಾಕಾನ ಮನೆ ರಸ್ತೆಗೆ ಹತ್ತಿಕೊಂಡಿದ್ದರಿಂದ ಲಿಫ್ಟು ನನ್ನ ಶೆಡ್ಡಿನಲ್ಲಿ ಇರಬೇಕೆಂದು ಮೊದಲೇ ಮಾತಾಗಿತ್ತು. ಆ ಶೆಡ್ಡಿನ ನೆಲ ಶಹಾಬಾದಿ ಕಲ್ಲಿನ ಫರ್ಸಿ. ಕೆಳಗೆ ಕಾಂಕ್ರೀಟು ಹಾಕಿಸಿರಿ ಎಂದು ನನ್ನ ಹೆಂಡತಿ ಸವಿತಾ ನೆಲ ಹಾಸಿಸುವಾಗಲೇ ಹೇಳಿದ್ದಳು. ಶಾಲೆಯ ಸೂಟಿ ಮುಗಿಯುತ್ತಿತ್ತು, ಗೌಂಡಿಗೆ ಬೇರೆ ಕಡೆ ಕೆಲಸವಿತ್ತು, ಒಂದು ಬುಟ್ಟಿ ಗರಸು ಮಣ್ಣು ಚೆಲ್ಲಿ ಎರಿ ಮಣ್ಣಿನ ಮೇಲೇ ಫರ್ಸಿ ಹಾಸಿಸಿಬಿಟ್ಟೆ. ಹೆಂಡತಿ ಕೇಳಿದಾಗ ಕಾಂಕ್ರೀಟು ಹಾಕಿಸಿದೆ ಅಂದೆ. ಲಿಫ್ಟು ಬಂದ ದಿನ ಕಾಕಾ ಸರಳು ಹಿಡಿದು ಫರ್ಸಿಯ ಮೇಲೆ ಬಗ್ಗಿದರು. ಸವಿತಾ ಆರತಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

"ಕೆಳಗ ಏನ ಹಾಕಿಸೀರಿ, ಮಾಸ್ತರ?"

"ಕಾಂಕ್ರೀಟ್ ಐತ್ರಿ ಕಾಕಾ. ನಾನ ನಿಂತು ಹಾಕಿಸೇನಿ."

ಕಾಕಾ ನೆಟ್ಟಗಾದರು. ಸರಳನ್ನು ಬಗಲಿಗೆ ಸೇರಿಸಿದರು. "ನೀವ ನಿಂತು ಹಾಕಿಸೇನಿ ಅಂದ ಮ್ಯಾಲ ನಾ ಬಡಿದು ನೋಡಿದ್ರ ಚಂದ ಕಾಣಂಗಿಲ್ಲ" ಅಂದರು. ಕುಂಬಳಕಾಯಿಯನ್ನೂ ನಂಬದ ಮನುಷ್ಯ ಮಾಸ್ತರನ ಮಾತಿಗೆ ಮರ್ಯಾದೆ ಕೊಟ್ಟರು. ಆಗಲೇ ಬಾಯಿ ಬಿಡಬೇಕಾಗಿತ್ತು. ಹೆಂಡತಿಯ ಮುಂದೆ ಸಣ್ಣವನಾಗುವುದು ಬೇಡ ಎಂದು ಸುಮ್ಮನಾದೆ.

ದೀಪಾವಳಿ ದಾಟಿತ್ತು, ಮಣ್ಣಿನಲ್ಲಿ ಹಸಿ ಇತ್ತು, ಫರ್ಸಿ ಅಲುಗಲಿಲ್ಲ. ಆ ಚಳಿಗಾಲ ಕಾಕಾನನ್ನು ನೋಡಬೇಕಾಗಿತ್ತು. ಪ್ರತಿ ಆದಿತ್ಯವಾರ ಓಣಿಯ ಯಾರದಾದರೂ ಕಾರು ನಮ್ಮ ಶೆಡ್ಡಿನಲ್ಲಿ. ಚೌಕಟ್ಟಿನ ರಬ್ಬರಿನ ಗಟ್ಟಿಗಳನ್ನು ಕಾರಿನ ತಳಕ್ಕೆ ಕೊಡುವಾಗ ತಾವೇ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದರು. "ಹೊಟ್ಟಿಗೆ ಕೊಡಬಾರದು, ಎಲುಬಿಗೆ ಕೊಡಬೇಕು" ಎಂದು ಹೇಳಿ, ಬಾಗಿಲ ಕೆಳಗಿನ ಮಡಿಕೆಯಲ್ಲಿ ಜಾಗ ಹುಡುಕಿ ಸುಣ್ಣದ ಗುರುತು ಹಾಕುತ್ತಿದ್ದರು. ಗೇಣೆತ್ತರ ಎತ್ತಿ, ಬಂಪರಿಗೆ ಕೈಕೊಟ್ಟು ಅಲುಗಾಡಿಸಿ, ಆಮೇಲೆ ಪೂರಾ ಎತ್ತಿ, ಕೊಂಡಿ ಕೂಡಿಸಿ, ಚಹಾ. ಆಮೇಲೆ ಗಾಲಿ ಹಚ್ಚಿದ ಹಲಗೆಯ ಮೇಲೆ ಅಂಗಾತ ಮಲಗಿ ಒಳಗೆ ಜಾರಿಕೊಂಡರೆ, ಕೆಳಗಿನಿಂದ ಗುನುಗು ಕೇಳುತ್ತಿತ್ತು. ಅವರು ಹಾಡಿದ್ದನ್ನು ಕಾಕು ಸಹ ಅದಕ್ಕೂ ಮುಂಚೆ ಕೇಳಿರಲಿಲ್ಲವಂತೆ.

ಉಗಾದಿ ಮುಗಿದು ಬಿಸಿಲು ಏರಿತು. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ ಎಂದು ಇಲ್ಲಿಯ ಕೂಸಿಗೂ ಗೊತ್ತು. ಒಂದು ಮುಂಜಾನೆ ಶೆಡ್ಡಿನಲ್ಲಿ ಬಕೆಟ್ಟು ಕೈತಪ್ಪಿ ಬಿದ್ದಾಗ ಫರ್ಸಿ ಡಬ್ಬಿಯ ಹಾಗೆ ಸಪ್ಪಳ ಮಾಡಿತು. ನಾನು ಕೇಳಿಸಿಕೊಂಡೆ. ಬರುವ ವಾರ ಹೇಳಿದರಾಯಿತು ಎಂದುಕೊಂಡೆ. ಅಂಥ ಎರಡು ವಾರ ಹೋದವು.

ಮೂರನೆಯ ಆದಿತ್ಯವಾರ ನನ್ನದೇ ಕಾರು. ಎತ್ತಿ, ಕೊಂಡಿ ಕೂಡಿಸಿ, ಹಲಗೆಯನ್ನು ಕಾರಿನ ಕೆಳಗೆ ಅರ್ಧ ತಳ್ಳಿಟ್ಟು ಕಾಕಾ ಸ್ಟೂಲಿನ ಮೇಲೆ ಕುಂತರು. ಸವಿತಾ ಚಹಾ ತಂದುಕೊಟ್ಟಳು. ಲೋಟ ಅರ್ಧವಾಗಿತ್ತು. ಟಕ್ ಎಂದು ಒಂದು ಸಪ್ಪಳ. ಹಿಂದಿನ ಎಡಮೂಲೆಯ ಫರ್ಸಿ ಎರಡು ಹೋಳಾಗಿ ಚೌಕಟ್ಟಿನ ಕಾಲು ಕೆಳಗಿಳಿಯಿತು, ಕಾರು ಓರೆಯಾಗಿ ಜಾರಿ ಗೋಡೆಗೆ ಬಡಿದು ನೆಲಕ್ಕೆ ಕೂತಿತು. ಹಲಗೆ ಪುಡಿಯಾಗಿತ್ತು. ಕಾಕಾ ಲೋಟದಲ್ಲಿ ಉಳಿದ ಚಹಾ ಕುಡಿದು ಮುಗಿಸಿದರು. ಎದ್ದು ಹೋಗಿ ಒಡೆದ ಫರ್ಸಿಯ ಚೂರನ್ನು ಎತ್ತಿದರು. ಕೆಳಗೆ ಬಿರುಕು ಬಿಟ್ಟ ಕರಿ ಮಣ್ಣು. ಕೈ ಇಳಿಸಿದರೆ ಮುಂಗೈ ತನಕ ಹೋಯಿತು. ಹೊರಗೆ ತೆಗೆದು, ಮಣ್ಣನ್ನು ಎರಡು ಬೆರಳಿನಲ್ಲಿ ತಿಕ್ಕಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಸಪ್ಪಳ ಕೇಳಿ ಗಂಗವ್ವ ಕಾಕು ಓಡಿಬಂದರು. ಚೂರನ್ನು ಕಾಕಾ ಮೊದಲಿದ್ದ ಹಾಗೆ ಮುಚ್ಚಿ ನಿಂತರು.

"ನೆಲಾ ಬಡಿದು ನೋಡಿದ್ರಿಲ್ಲೋ?" ಕಾಕು ಕೇಳಿದರು.

"ಇಲ್ಲ" ಅಂದರು ಕಾಕಾ. "ಮರತೆ."

ನಾನು ಅಲ್ಲೇ ಇದ್ದೆ.

ಕಾಕು ಪುಡಿಯಾದ ಹಲಗೆಯನ್ನು ನೋಡಿದರು, ಗಂಡನ ಬಿಳಿ ಪೈಜಾಮ ನೋಡಿದರು. "ಮುಗೀತು" ಅಂದರು. "ಇನ್ನ ಯಾವ ಗಾಡಿ ಕೆಳಗೂ ಹೋಗಬ್ಯಾಡ್ರಿ. ಜಾಕ್ ಇರ್ಲಿ, ಲಿಫ್ಟ್ ಇರ್ಲಿ." ಕಾಕಾ ಹೂಂ ಅಂದರು. ಮೂವತ್ತು ವರ್ಷದ ಕೆಲಸ ಒಂದು ಹೂಂನಲ್ಲಿ ಮುಗಿಯಿತು, ಅದನ್ನು ಮುಗಿಸಿದವನು ನಾನು.

ಮರುದಿನ ಅವರೇ ಬಂದರು. ಬೈಯಲು ಬಂದರು ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಎರಿ ಮಣ್ಣು ಮೊಣಕಾಲ ಮಟಾ ತೆಗಸ್ರಿ, ಗರಸು ಹಾಕಿ ದಮ್ಮಸ ಮಾಡಸ್ರಿ, ಮ್ಯಾಲ ಕಬ್ಬಿಣದ ಸಳಿ ಕಟ್ಟಿ ಕಾಂಕ್ರೀಟ್ ಹಾಕಸ್ರಿ" ಎಂದು ಹೇಳಿ ಹೋದರು. ಈ ಸಲ ನಿಜವಾಗಿ ನಿಂತು ಹಾಕಿಸಿದೆ. ಸವಿತಾ ಎಲ್ಲವನ್ನೂ ನೋಡಿದಳು, ಏನು ಹೇಳಬೇಕೋ ಹೇಳಿದಳು, ಅದು ಇಲ್ಲಿ ಬೇಡ. ಇಪ್ಪತ್ತೊಂದು ದಿನ ನೀರುಣಿಸಿದ ಮೇಲೆ ಕಾಕಾ ಸರಳು ತಂದು ಗೋಡೆಯಿಂದ ಗೋಡೆಗೆ, ಮೊಳಕ್ಕೊಂದು ಏಟಿನಂತೆ ಬಡಿದರು. ಕೊನೆಯ ಏಟಿಗೆ ಕಿವಿ ಓರೆ ಮಾಡಿ ನಿಂತು, "ಈಗ ಮಾಸ್ತರ ಮಾತು ಖರೆ ಆತು" ಅಂದರು. ಆ ವಿಷಯದಲ್ಲಿ ಅವರು ನನಗೆ ಆಡಿದ್ದು ಇದೊಂದೇ ಮಾತು.

ಆಮೇಲೆ ಎರಡು ವರ್ಷ ಕೆಳಗೆ ಹೋದವನು ನಾನು. ಕಾಕಾ ಸ್ಟೂಲಿನ ಮೇಲೆ ಕುಂತು ಕಲಿಸಿದರು. ಇಪ್ಪತ್ತು ವರ್ಷ ಮಕ್ಕಳಿಗೆ ದ್ರವದ ಒತ್ತಡ ಕಲಿಸಿದವನಿಗೆ ಎಣ್ಣೆಯ ಪೈಪಿನೊಳಗೆ ಗಾಳಿ ನಿಂತರೆ ಒಂದು ಮಗ್ಗಲು ತಡವಾಗಿ ಏಳುತ್ತದೆ ಎಂದು ಗೊತ್ತಿರಲಿಲ್ಲ.

"ಏನ ಕಾಣಸ್ತೈತಿ?" ಹೊರಗಿನಿಂದ ಕೇಳುತ್ತಿದ್ದರು.

"ಎಣ್ಣಿ ಜಿನಗಾಕತ್ತೈತ್ರಿ."

"ಮೂಗಿಗೆ ಹಿಡೀರಿ. ಯಾವ ಎಣ್ಣಿ?"

"ಗೊತ್ತಾಗವಲ್ದು."

"ಹಂಗಾರ ಹೊರಗ ಬರ್ರಿ, ಇನ್ನೊಂದು ಚಾ ಕುಡೀರಿ, ಮತ್ತ ಹೋಗ್ರಿ."

ಗುನುಗು ಮಾತ್ರ ಮತ್ತೆ ಕೇಳಲಿಲ್ಲ.

ಹೋದ ಮಳೆಗಾಲ ಒಂದು ಮುಂಜಾನೆ ಅವರಿಗೆ ಎದೆ ಹಿಡಿಯಿತು. ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸು ಬಂದು ನಿಂತಿತ್ತು. ನಾನು ಕೈ ಹಿಡಿದರೆ, "ಮಾಸ್ತರ, ಗಾಡಿ ಇಳಿಸೀರಿಲ್ಲೋ?" ಅಂದರು. ಶೆಡ್ಡಿನಲ್ಲಿ ಕಾರು ಮೇಲೇ ಇತ್ತು. ಇಳಿಸೇನಿ ಅನ್ನುವುದು ಸಲೀಸು, ಅವರು ನೋಡಲು ಬರುವಂತಿರಲಿಲ್ಲ. "ಇಲ್ರಿ, ತಡೀರಿ" ಎಂದು ಓಡಿಹೋಗಿ, ಕೊಂಡಿ ಬಿಡಿಸಿ, ಇಳಿಸಿ ಬಂದು ಹೇಳಿದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ನಾಲ್ಕನೆಯ ದಿನ ಅಲ್ಲೇ ತೀರಿಕೊಂಡರು.

ಸೂತಕದ ದಿನಗಳು ಮುಗಿದ ಮೇಲೆ ಒಂದು ಸಂಜೆ ಹೋಗಿ ಗಂಗವ್ವ ಕಾಕುಗೆ ಎಲ್ಲ ಹೇಳಿದೆ. ಕಾಂಕ್ರೀಟು ಇರಲಿಲ್ಲ, ಬಡಿಯಲು ಬಗ್ಗಿದವರನ್ನು ನಾನೇ ತಡೆದೆ, ಅವರು ಮರೆತಿರಲಿಲ್ಲ. ಕಾಕು ಜೋಳ ಹಸನು ಮಾಡುತ್ತಿದ್ದರು, ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಾತು. ಹೊರಸಿಗೂ ಬಡಿದು ಮಲಗೋ ಮನಷ್ಯಾ ನೆಲಾ ಬಡಿಯೂದು ಮರೀತಾರೇನು?"

"ಹಂಗಾರ ಅವರಿಗ್ಯಾಕ ಬ್ಯಾಡಂದ್ರಿ? ತಪ್ಪು ನಂದಿತ್ತಲ್ರಿ."

ಕಾಕು ಮೊರ ಕೆಳಗಿಟ್ಟರು. "ನೀವು ಸುಳ್ಳು ಹೇಳಿದ್ದಕ್ಕಲ್ಲ, ಮಾಸ್ತರ. ಅವರು ನಂಬಿದ್ದಕ್ಕ. ಇನ್ನೊಬ್ಬರ ಮಾತಿನ ಮ್ಯಾಲ ಗಾಡಿ ನಿಂದ್ರಸೋ ಹಂಗ ಆದ ಮ್ಯಾಲ ಅದರ ಕೆಳಗ ಹೋಗಬಾರದು. ಹಾನಗಲ್ಲಾಗ ಒಮ್ಮೆ ನನ್ನ ನಸೀಬು ಚೊಲೋ ಇತ್ತು, ಇಲ್ಲಿ ಒಂದು ಲೋಟ ಚಾ ಉಳಿಸ್ತು. ಮೂರನೇ ಸಲಾ ಯಾರನ್ನ ಕೇಳಲಿ?" ಎಂದರು. ಜೋಳದೊಳಗಿನ ಒಂದು ಹರಳು ಆರಿಸಿ ಒಗೆದು, "ಹಾಡೂದು ನಿಂತಿತ್ತು. ಅದು ನನಗೂ ಕೇಳಸ್ತಿತ್ತು" ಅಂದರು. ಒಳಗೆ ಹೋಗಿ ಆ ಸರಳನ್ನು ತಂದು ನನ್ನ ಕೈಗಿಟ್ಟರು. ನಾನು ಅತ್ತೆ. ಕಾಕು ಅಳಲಿಲ್ಲ.

ಮುಂದಿನ ಆದಿತ್ಯವಾರ ಕಾರನ್ನು ಎತ್ತಿ, ಕೊಂಡಿ ಕೂಡಿಸಿ, ಸ್ಟೂಲಿನ ಮೇಲೆ ಕುಂತೆ. ತಡಸದ ಗೆಳೆಯನ ಕಾರು, ಅವನಿಗೆ ಅವಸರವಿತ್ತು. ಚಹಾ ಬಿಸಿ ಇತ್ತು, ಲೋಟವನ್ನು ಕೆಳಗಿಟ್ಟು ಎದ್ದೆ. ನಡುವಿನ ಗೋಡೆಯ ಆಚೆಯಿಂದ ಗಂಗವ್ವ ಕಾಕುವಿನ ದನಿ ಬಂತು.

"ಚಾ ಮುಗೀತೇನು, ಮಾಸ್ತರ?"

ಗೋಡೆಯ ಆಚೆಯಿಂದ ಅವರಿಗೆ ಲೋಟ ಕಾಣುತ್ತಿರಲಿಲ್ಲ.

"ಇನ್ನೂ ಇಲ್ರಿ, ಕಾಕು" ಎಂದು ಮತ್ತೆ ಕುಂತೆ.